ಹಳೇ ಪದ್ಮಿನಿಗೆ ಮುಂದಿನ ಗ್ಲಾಸ್ ಹಾಕಿಸಬೇಕು, ಯಾವುದನ್ನು ನಂಬಬಹುದು?

ಹಾಸನದ_ಪದ್ಮಿನಿ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1986ರ ಪ್ರೀಮಿಯರ್ ಪದ್ಮಿನಿ ಇದೆ, ಅಪ್ಪ ಕೊಂಡ ಗಾಡಿ. ಎಂಜಿನ್ ಚೆನ್ನಾಗಿದೆ. ಆಗಾಗ ಶಿರಾಡಿ ಘಾಟಿ ಇಳಿದು ಮಂಗಳೂರಿಗೂ ಹೋಗಿಬರುತ್ತೇವೆ. ತೊಂದರೆ ಇರುವುದು ಮುಂದಿನ ಗ್ಲಾಸಿನದು. ಕೆಳಗಿನ ಎರಡೂ ಮೂಲೆಗಳಲ್ಲಿ ಬೆಳ್ಳಗೆ ಮಬ್ಬು ಹಿಡಿದು ಮೇಲಕ್ಕೆ ಹರಡುತ್ತಿದೆ. ವೈಪರ್ ಓಡಾಡುವ ಜಾಗದಲ್ಲಿ ಗೀರುಗಳು. ರಾತ್ರಿ ಎದುರಿನಿಂದ ಎಲ್‌ಇಡಿ ಲೈಟಿನ ಗಾಡಿ ಬಂದರೆ ಗ್ಲಾಸ್ ಪೂರ್ತಿ ಬೆಳಗಿಬಿಡುತ್ತದೆ, ರಸ್ತೆಯೇ ಕಾಣುವುದಿಲ್ಲ.

ಮೂರು ಕಡೆ ವಿಚಾರಿಸಿದೆ. ಒಬ್ಬರು ಟಫನ್ಡ್ ಗ್ಲಾಸ್ ಹಾಕಿಸಿ, ಕಡಿಮೆಗೆ ಆಗುತ್ತದೆ, ಕಲ್ಲು ಬಿದ್ದರೂ ಒಡೆಯಲ್ಲ ಅಂದರು. ಇನ್ನೊಬ್ಬರ ಹತ್ತಿರ ಲ್ಯಾಮಿನೇಟೆಡ್ ಇದೆ, ಆದರೆ ಮೂಲೆಯಲ್ಲಿ ಯಾವ ಗುರುತೂ ಇಲ್ಲ. ಮೂರನೆಯದು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ. ಐಎಸ್‌ಐ ಗುರುತಿನ ಲ್ಯಾಮಿನೇಟೆಡ್ ತರಿಸಿಕೊಡುತ್ತಾರಂತೆ. ಬೆಲೆ ಮಾತ್ರ ಎರಡು ಪಟ್ಟು, ಕಾಯಬೇಕು ಬೇರೆ. ಅಷ್ಟು ಕೊಡುವುದು ಸರಿಯೇ? ಗ್ಲಾಸಿನ ಸುತ್ತ ಹಿಡಿದಿರುವ ಬೀಡಿಂಗ್ ರಬ್ಬರ್ ಹಳೆಯದೇ ಇರಲಿ ಅನ್ನುತ್ತಾರೆ ಇಲ್ಲಿನ ಫಿಟ್ಟರ್. ಅದೂ ಸರಿಯೇ?

ಘಾಟಿ_ಸವಾರ:
ಮೂರನೆಯದು. ಯೋಚನೆಯೇ ಬೇಡ.

ಹಳೇಗಾಡಿ_ಪ್ರೇಮಿ:
ನಾನು ಒಪ್ಪುವುದಿಲ್ಲ. ಆ ಕಾಲದ ಎಷ್ಟೋ ಗಾಡಿಗಳಿಗೆ ಕಂಪನಿಯಿಂದಲೇ ಟಫನ್ಡ್ ಬರುತ್ತಿತ್ತು. ನಮ್ಮ ಮಾವನ ಅಂಬಾಸಿಡರ್‌ನಲ್ಲಿ ಅದೇ ಗ್ಲಾಸ್ ಇವತ್ತಿಗೂ ಇದೆ. ಸಣ್ಣಪುಟ್ಟ ಕಲ್ಲಿಗೆ ಲ್ಯಾಮಿನೇಟೆಡ್‌ಗಿಂತ ಅದೇ ಗಟ್ಟಿ. ಗಾಡಿ ಮೂಲದಲ್ಲಿ ಹೇಗಿತ್ತೋ ಹಾಗೇ ಇಟ್ಟುಕೊಳ್ಳುವುದರಲ್ಲಿ ಏನು ತಪ್ಪು?

ಗಾಜಿನ_ಕೆಲಸ:
ತಪ್ಪು ಇದೆ ಸಾರ್, ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾನು ವಾಹನದ ಗ್ಲಾಸ್ ಫಿಟ್ಟಿಂಗ್ ಕೆಲಸದಲ್ಲೇ ಇರುವವನು.

ಟಫನ್ಡ್ ಅಂದರೆ ಗಾಜನ್ನು 600 ಡಿಗ್ರಿ ದಾಟಿ ಕಾಯಿಸಿ, ಎರಡೂ ಕಡೆಯಿಂದ ಗಾಳಿ ಊದಿ ತಟ್ಟನೆ ತಣ್ಣಗೆ ಮಾಡುವುದು. ಮೇಲ್ಮೈ ಬಿಗಿಯಾಗುತ್ತದೆ, ಒಳಗೆ ಎಳೆತ ಉಳಿಯುತ್ತದೆ. ಮೇಲಿನ ಬಿಗಿತವೇ ಅದರ ಶಕ್ತಿ, ಒಳಗಿನ ಎಳೆತವೇ ಅದರ ಅಪಾಯ. ಏಟು ಮೇಲ್ಮೈ ದಾಟಿ ಒಳಕ್ಕೆ ಹೋದರೆ ಒಂದು ಮೂಲೆ ಮಾತ್ರ ಬಿರುಕು ಬಿಡುವುದಿಲ್ಲ, ಇಡೀ ಗ್ಲಾಸ್ ಒಂದೇ ಕ್ಷಣದಲ್ಲಿ ಸಣ್ಣ ಸಣ್ಣ ಹರಳಾಗುತ್ತದೆ. ಘಾಟಿಯ ತಿರುವಿನಲ್ಲಿ ಗಂಟೆಗೆ 60 ಕಿ.ಮೀ.ನಲ್ಲಿ ಇದ್ದೀರಿ, ಎದುರಿಗೆ ಲಾರಿ, ನಿಮಗೆ ಏನೂ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಏನು ಮಾಡುತ್ತೀರಿ ಹೇಳಿ.

ಲ್ಯಾಮಿನೇಟೆಡ್‌ನಲ್ಲಿ ಎರಡು ಗಾಜು, ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ. ಆ ಪದರ ಸಾಮಾನ್ಯವಾಗಿ 0.76 ಮಿ.ಮೀ. ಇರುತ್ತದೆ. ಕಲ್ಲು ಬಿದ್ದರೆ ಬಿದ್ದ ಜಾಗದಲ್ಲಿ ಬಿರುಕು ಬರುತ್ತದೆ, ಉಳಿದ ಕಡೆ ರಸ್ತೆ ಕಾಣುತ್ತದೆ. ಗಾಜು ಪದರಕ್ಕೆ ಅಂಟಿಕೊಂಡೇ ಇರುತ್ತದೆ. ಅಪಘಾತವಾದರೆ ಒಳಗಿದ್ದವರು ಗ್ಲಾಸ್ ಒಡೆದುಕೊಂಡು ಹೊರಗೆ ಬೀಳುವ ಸಂಭವವೂ ಕಡಿಮೆ. ಹಳೇ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ, ಬೆಲ್ಟ್ ಕೂಡ ಅಷ್ಟಕ್ಕಷ್ಟೇ. ಅಂಥ ಗಾಡಿಗೇ ಲ್ಯಾಮಿನೇಟೆಡ್ ಇನ್ನೂ ಹೆಚ್ಚು ಬೇಕು.

ಇನ್ನೊಂದು ವಿಷಯ. ಹಾಸನದವರು ಹೇಳಿದ ಬಿಳಿ ಮಬ್ಬು ಲ್ಯಾಮಿನೇಟೆಡ್‌ಗೆ ಬರುವ ಕಾಯಿಲೆ. ಅಂಚಿನಿಂದ ನೀರು ಒಳಗೆ ಹೋಗಿ ಪದರ ಬಿಟ್ಟುಕೊಳ್ಳುತ್ತದೆ. ಅಂದರೆ ನಿಮ್ಮ ಗಾಡಿಯಲ್ಲಿ ಈಗಾಗಲೇ ಲ್ಯಾಮಿನೇಟೆಡ್ ಇದೆ. ಇದ್ದದ್ದನ್ನು ಬಿಟ್ಟು ಟಫನ್ಡ್‌ಗೆ ಹೋಗಬೇಡಿ.

ಸಾಗರದ_ಓಮ್ನಿ:
ಲ್ಯಾಮಿನೇಟೆಡ್ ಕಡ್ಡಾಯ ಅಂತ ಕಾನೂನೇ ಇದೆ ಅಲ್ವಾ? 2000ದ ಮೇಲೆ ಬಂದದ್ದು ಅನ್ನಿಸುತ್ತೆ.

ಆರ್‌ಟಿಒ_ಗೆಳೆಯ:
ಅದಕ್ಕಿಂತ ಮುಂಚೆಯೇ ಬಂದಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ. 1993ರ ತಿದ್ದುಪಡಿಯಲ್ಲಿ ಮೂರು ವರ್ಷದ ಗಡುವು ಕೊಟ್ಟರು. ಆ ಗಡುವಿನ ನಂತರ ತಯಾರಾದ ಗಾಡಿಗಳಿಗೆ ಮುಂದಿನ ಗ್ಲಾಸ್ ಲ್ಯಾಮಿನೇಟೆಡ್ ಆಗಿರಲೇಬೇಕು. ದ್ವಿಚಕ್ರ ವಾಹನ ಮತ್ತು ಕೃಷಿ ಟ್ರ್ಯಾಕ್ಟರ್‌ಗೆ ವಿನಾಯಿತಿ.

1986ರ ಗಾಡಿ ಆ ಮಾತಿನ ವ್ಯಾಪ್ತಿಗೆ ಬರುವುದಿಲ್ಲ, ನಿಜ. ಆದರೆ ಅದೇ ನಿಯಮದಲ್ಲಿ ಮುಂದಿನ ಮತ್ತು ಹಿಂದಿನ ಗ್ಲಾಸಿನಲ್ಲಿ ಕನಿಷ್ಠ ಶೇ. 70ರಷ್ಟು, ಪಕ್ಕದವುಗಳಲ್ಲಿ ಶೇ. 50ರಷ್ಟು ಬೆಳಕು ಹಾಯಬೇಕು ಅಂತಲೂ ಇದೆ. ಗ್ಲಾಸನ್ನು ಹಾಗೆಯೇ ಉಳಿಸಿಕೊಳ್ಳಬೇಕು ಕೂಡ. ಮಬ್ಬು ಹಿಡಿದ ಗ್ಲಾಸ್ ಇಟ್ಟುಕೊಂಡು ಮರುನೋಂದಣಿಗೆ ಹೋದರೆ ಇನ್‌ಸ್ಪೆಕ್ಟರ್ ಕೇಳಿಯೇ ಕೇಳುತ್ತಾರೆ.

ಹಳೇಗಾಡಿ_ಪ್ರೇಮಿ:
ಸರಿ, ಕಾನೂನು ಇರಲಿ. ಅಂಗಡಿಯಲ್ಲಿ ಕೊಡುವಾಗ ಲ್ಯಾಮಿನೇಟೆಡೋ ಟಫನ್ಡೋ ಗೊತ್ತಾಗುವುದು ಹೇಗೆ? ಎಲ್ಲರೂ ಲ್ಯಾಮಿನೇಟೆಡ್ ಅಂತಲೇ ಹೇಳಿ ಮಾರುತ್ತಾರೆ.

ಗಾಜಿನ_ಕೆಲಸ:
ಅಂಚು ನೋಡಿ ಸಾರ್. ಲ್ಯಾಮಿನೇಟೆಡ್ ಆದರೆ ಎರಡು ಗಾಜಿನ ನಡುವೆ ಗೆರೆ ಕಾಣುತ್ತದೆ, ಉಗುರಿಗೂ ಸಿಗುತ್ತದೆ. ಟಫನ್ಡ್‌ನಲ್ಲಿ ಒಂದೇ ದಪ್ಪ. ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ಬಿಸಿಲಲ್ಲಿ ಓರೆಯಾಗಿ ನೋಡಿದರೆ ಟಫನ್ಡ್‌ನಲ್ಲಿ ಚುಕ್ಕೆ ಅಥವಾ ಪಟ್ಟೆ ಕಾಣುತ್ತವೆ, ಗಾಳಿ ಊದಿದ ಗುರುತು ಅದು.

ಆಮೇಲೆ ಮೂಲೆಯ ಮುದ್ರೆ ಓದಿ. ತಯಾರಕರ ಹೆಸರು, ಲ್ಯಾಮಿನೇಟೆಡ್ ಅನ್ನುವ ಪದ, ಐಎಸ್‌ಐ ಗುರುತು, ಅದರ ಮೇಲೆ ಮಾನದಂಡದ ಸಂಖ್ಯೆ ಐಎಸ್ 2553 ಭಾಗ 2, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ಸಂಖ್ಯೆ. ಆ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಲೈಸೆನ್ಸ್ ಅಂತ ಗೊತ್ತಾಗುತ್ತದೆ. ಮುದ್ರೆ ಗಾಜಿನಲ್ಲೇ ಕೂತಿರಬೇಕು. ಸ್ಟಿಕ್ಕರ್ ಅಂಟಿಸಿದ್ದರೆ ಬೇಡ.

ಜೀಪಿನ_ರಾಯರು:
ಭಾಗ 2 ಅನ್ನುವುದನ್ನು ದಪ್ಪಕ್ಷರದಲ್ಲಿ ಬರೆಯಬೇಕಿತ್ತು! ನನ್ನ ಎಂಎಂ 540 ಜೀಪಿಗೆ ಚಪ್ಪಟೆ ಗ್ಲಾಸ್. ಅದಕ್ಕೆ ಅಚ್ಚು ಬೇಕಿಲ್ಲ, ಲ್ಯಾಮಿನೇಟೆಡ್ ಹಾಳೆಯಿಂದ ಕತ್ತರಿಸಿ ಕೊಡುತ್ತಾರೆ. ಊರಿನ ಗಾಜಿನ ಅಂಗಡಿಯವರು ಬಾಲ್ಕನಿಗೆ ಹಾಕುವ ಹಾಳೆಯಿಂದ ಕತ್ತರಿಸಲು ಹೊರಟಿದ್ದರು. ಅದರ ಮೇಲೆ ಇದ್ದದ್ದು ಐಎಸ್ 2553 ಭಾಗ 1. ಅದು ಕಟ್ಟಡಕ್ಕೆ. ರಸ್ತೆ ವಾಹನಕ್ಕೆ ಭಾಗ 2. ನಾನು ಬೇಡ ಅಂದು ಬೇರೆ ಕಡೆ ಮಾಡಿಸಿದೆ.

ಟಫನ್ಡ್ ಗ್ಲಾಸನ್ನು ಒಮ್ಮೆ ತಯಾರಾದ ಮೇಲೆ ಕತ್ತರಿಸಲು ಆಗುವುದಿಲ್ಲ, ತೂತು ಕೊರೆಯಲೂ ಆಗುವುದಿಲ್ಲ, ಪುಡಿಯಾಗುತ್ತದೆ. ಹಾಗಾಗಿ ನಿಮ್ಮ ಎದುರಿಗೇ ಕತ್ತರಿಸಿ ಕೊಟ್ಟರೆ ಅದು ಟಫನ್ಡ್ ಅಲ್ಲ ಅಂತ ಗ್ಯಾರಂಟಿ. ಆದರೆ ಮಾಮೂಲಿ ಕಿಟಕಿ ಗಾಜು ಕತ್ತರಿಸಿ ಕೊಟ್ಟುಬಿಟ್ಟಾರು, ಅಂಚು ನೋಡಿಕೊಳ್ಳಿ.

ಧಾರವಾಡ_ಸವಾರಿ:
ಗುರುತು ಇದ್ದ ಮಾತ್ರಕ್ಕೆ ಗ್ಲಾಸ್ ಚಲೋ ಇರತದ ಅಂತ ತಿಳಿಬ್ಯಾಡ್ರಿ. ಬಾಗಿದ ಗ್ಲಾಸಿನಲ್ಲಿ ಅಲೆ ಇರುತ್ತದೆ. ಕೊಳ್ಳುವ ಮುಂಚೆ ನಿಲ್ಲಿಸಿ, ಗಾಡಿಯಲ್ಲಿ ಕೂರುವಷ್ಟೇ ಓರೆ ಮಾಡಿಸಿ, ಅದರ ಮೂಲಕ ಉದ್ದನೆಯ ಟ್ಯೂಬ್‌ಲೈಟ್ ಅಥವಾ ಶಟರ್ ಗೆರೆ ನೋಡ್ರಿ. ತಲೆಯನ್ನು ನಿಧಾನಕ್ಕೆ ಅತ್ತಿತ್ತ ಆಡಿಸಿ. ಗೆರೆ ಹಾವಿನಂತೆ ಹೊರಳಿದರೆ ಆ ಗ್ಲಾಸ್ ಬ್ಯಾಡ. ಅಂಚಿನಲ್ಲಿ ಸ್ವಲ್ಪ ಹೊರಳುವುದು ನಡೆಯುತ್ತದೆ, ಡ್ರೈವರ್ ಕಣ್ಣಿನ ಮುಂದೆ ಇರಬಾರದು. ನನ್ನ ಹಳೇ ಗಾಡಿಗೆ ಒಬ್ಬರು ಅಗ್ಗದ್ದು ಹಾಕಿದ್ದರು. ಹುಬ್ಬಳ್ಳಿಗೆ ಹೋಗಿ ಬರುವಷ್ಟರಲ್ಲಿ ತಲೆನೋವು ಶುರು ಆಗುತ್ತಿತ್ತು.

ಗಾಜಿನ_ಕೆಲಸ:
ಧಾರವಾಡದವರು ಸರಿಯಾಗಿ ಹೇಳಿದರು. ರಾತ್ರಿಯ ಪರೀಕ್ಷೆಯೂ ಒಂದಿದೆ. ದೂರದ ಒಂಟಿ ದೀಪವನ್ನು ಗ್ಲಾಸ್ ಮೂಲಕ ನೋಡಿ. ದೀಪದ ಪಕ್ಕ ಮಂಕಾದ ಇನ್ನೊಂದು ದೀಪ ಕಂಡರೆ ಎರಡು ಗಾಜುಗಳು ಸಮಾನಾಂತರವಾಗಿ ಕೂತಿಲ್ಲ. ಹಾಸನದವರಿಗೆ ರಾತ್ರಿಯದೇ ಮುಖ್ಯ ತೊಂದರೆ, ಹಾಗಾಗಿ ಇದನ್ನು ಬಿಡಬೇಡಿ.

ಜೆರ್ಸಿ_ಕನ್ನಡಿಗ:
ಇಲ್ಲಿ ನ್ಯೂಜೆರ್ಸಿಯಲ್ಲೂ ಇದೇ ಚರ್ಚೆ. ನನ್ನ 2003ರ ಕೊರೊಲಾಗೆ ಹೋದ ಚಳಿಗಾಲದಲ್ಲಿ ಗ್ಲಾಸ್ ಬದಲಿಸಿದೆ. ಇಲ್ಲಿ ಮೂಲೆಯಲ್ಲಿ ಡಿಒಟಿ (ಅಮೆರಿಕದ ಸಾರಿಗೆ ಇಲಾಖೆ) ಸಂಖ್ಯೆ ಮತ್ತು ಎಎಸ್1 ಅಂತ ಇರಬೇಕು. ಎಎಸ್1 ಅಂದರೆ ಮುಂದಿನ ಗ್ಲಾಸಿಗೆ ಒಪ್ಪಿಗೆ ಇರುವ ದರ್ಜೆ. ಯುರೋಪಿನ ಮಾಲಾದರೆ ಸುತ್ತು ಹಾಕಿದ ಇ ಅಕ್ಷರದ ಪಕ್ಕ ದೇಶದ ಸಂಖ್ಯೆ ಇರುತ್ತದೆ, 1 ಜರ್ಮನಿ, 2 ಫ್ರಾನ್ಸ್ ಹೀಗೆ. ಹೊಸ ಕಾರುಗಳಲ್ಲಿ ಗ್ಲಾಸಿನ ಹಿಂದೆ ಕ್ಯಾಮೆರಾ ಇರುತ್ತದೆ, ಗ್ಲಾಸ್ ಬದಲಿಸಿದರೆ ಅದನ್ನು ಮತ್ತೆ ಹೊಂದಿಸಬೇಕು, ಅದಕ್ಕೇ ಬಿಲ್ ದೊಡ್ಡದಾಗುತ್ತದೆ. ಹಳೇ ಗಾಡಿಯಲ್ಲಿ ಆ ರಗಳೆ ಇಲ್ಲ.

ಸಾಗರದ_ಓಮ್ನಿ:
ಕೊರೊಲಾದಲ್ಲಿ ಗ್ಲಾಸ್ ಅಂಟಿಸುತ್ತಾರಲ್ಲ? ಪದ್ಮಿನಿ, ಅಂಬಾಸಿಡರ್, ನಮ್ಮ ಓಮ್ನಿ ಎಲ್ಲ ರಬ್ಬರ್ ಬೀಡಿಂಗ್.

ಜೆರ್ಸಿ_ಕನ್ನಡಿಗ:
ಹೌದು, ಇದು ಪಿಯು (ಪಾಲಿಯುರೆಥೇನ್) ಅಂಟು. ಅಂಟು ಹಿಡಿಯುವವರೆಗೆ ಗಾಡಿ ಓಡಿಸಬಾರದು ಅಂದರು. ಮರುದಿನದವರೆಗೂ ಒಂದು ಕಿಟಕಿ ಸ್ವಲ್ಪ ತೆರೆದಿಡಿ, ಬಾಗಿಲು ಜೋರಾಗಿ ಹಾಕಬೇಡಿ, ಒಳಗಿನ ಗಾಳಿ ಒತ್ತಿ ಗ್ಲಾಸ್ ಸರಿಯುತ್ತದೆ ಅಂತಲೂ ಹೇಳಿದರು.

ಹಾಸನದ_ಪದ್ಮಿನಿ:
ಟಫನ್ಡ್ ವಿಷಯ ಅಲ್ಲಿಗೆ ಬಿಟ್ಟೆ. ಈಗ ರಬ್ಬರ್ ಬಗ್ಗೆ ಹೇಳಿ. ಹಳೆಯದು ಹಾಗೇ ಇರಲಿ ಅಂತ ಫಿಟ್ಟರ್ ಹಠ ಹಿಡಿದಿದ್ದಾರೆ. ಹೊಸ ರಬ್ಬರ್ ಕ್ವಾಲಿಟಿ ಇಲ್ಲ, ನೀರು ಸೋರುತ್ತದೆ ಅನ್ನುತ್ತಾರೆ.

ಕುಡ್ಲದ_ಕಾರು:
ಮಾರಾಯ್ರೆ, ಹಳೇ ರಬ್ಬರ್ ಬೇಡವೇ ಬೇಡ. ನಮ್ಮ ಕಡೆ ಮಳೆಗೆ ಒಂದೇ ವಾರದಲ್ಲಿ ಕಾಲಡಿ ಕೆರೆ ಆಗುತ್ತದೆ. ನಮ್ಮ ಪಕ್ಕದ ಮನೆಯವರ ಪದ್ಮಿನಿಯ ಡ್ಯಾಶ್‌ಬೋರ್ಡ್ ಅಡಿಯ ತಗಡು ತುಕ್ಕು ಹಿಡಿದು ಕೈ ಹಾಕಿದರೆ ಉದುರುತ್ತಿತ್ತು. ಎಲ್ಲ ಗ್ಲಾಸ್ ಬೀಡಿಂಗಿನಿಂದ ಇಳಿದ ನೀರು.

ಗಾಜಿನ_ಕೆಲಸ:
ನಿಮ್ಮ ಫಿಟ್ಟರ್ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಮಾರುಕಟ್ಟೆಯಲ್ಲಿ ಕಳಪೆ ರಬ್ಬರ್ ಜಾಸ್ತಿ. ಹಾಗಂತ 38 ವರ್ಷ ದಾಟಿದ ರಬ್ಬರ್ ಮತ್ತೆ ಹಾಕುವುದು ಪರಿಹಾರ ಅಲ್ಲ. ಗಟ್ಟಿಯಾದ ರಬ್ಬರ್‌ಗೆ ಹೊಸ ಗ್ಲಾಸ್ ಕೂರಿಸಲು ಜಾಸ್ತಿ ಒತ್ತಬೇಕು, ಆಗಲೇ ಮೂಲೆ ಬಿರುಕು ಬಿಡುತ್ತದೆ.

ಕೊಳ್ಳುವಾಗ ರಬ್ಬರನ್ನು ಬೆರಳಲ್ಲಿ ಪೂರ್ತಿ ಮಡಚಿ ನೋಡಿ. ಮಡಚಿದ ಕಡೆ ಬೆಳ್ಳಗೆ ಸಣ್ಣ ಬಿರುಕು ಕಂಡರೆ, ಕೈಗೆ ಕಪ್ಪು ಪುಡಿ ಹತ್ತಿದರೆ ವಾಪಸ್ ಕೊಡಿ. ಇಪಿಡಿಎಂ ರಬ್ಬರ್ ಕೇಳಿ, ಬಿಸಿಲಿಗೆ ತಡೆಯುತ್ತದೆ.

ಅದಕ್ಕಿಂತ ಮುಖ್ಯ ಗ್ಲಾಸಿನ ದಪ್ಪ. ರಬ್ಬರಿನಲ್ಲಿ ಗ್ಲಾಸ್ ಕೂರುವ ಸಂದನ್ನು ಒಂದು ದಪ್ಪಕ್ಕೆ ಅಂತ ಮಾಡಿರುತ್ತಾರೆ. 2.5 ಮಿ.ಮೀ.ನ ಎರಡು ಗಾಜು, ನಡುವೆ 0.76, ಒಟ್ಟು 5.76 ಮಿ.ಮೀ. ಬರುತ್ತದೆ. ತೆಳ್ಳಗಿನ ಗಾಜು ಬಳಸಿದ ಲ್ಯಾಮಿನೇಟೆಡ್ ಕೂಡ ಇದೆ. ಅದನ್ನು ದಪ್ಪ ಗ್ಲಾಸಿನ ರಬ್ಬರಿಗೆ ಹಾಕಿದರೆ ಸಡಿಲ, ನೀರು ಸೋರುತ್ತದೆ, ಗಾಳಿಯ ಸದ್ದು ಬರುತ್ತದೆ. ಹಳೇ ಗ್ಲಾಸ್ ತೆಗೆದ ಮೇಲೆ ವರ್ನಿಯರ್‌ನಲ್ಲಿ ದಪ್ಪ ಅಳೆದು, ಹೊಸದನ್ನೂ ಅಳೆದು ನೋಡಿ. ಇದನ್ನು ಯಾರೂ ಮಾಡುವುದಿಲ್ಲ. ಆಮೇಲೆ ಸೋರಿತು ಅಂತ ಗ್ಲಾಸ್ ಕಂಪನಿಯನ್ನು ಬೈಯುತ್ತಾರೆ.

ಘಾಟಿ_ಸವಾರ:
ಸೋರಿದರೆ ಸುತ್ತ ಸಿಲಿಕೋನ್ ಹೊಡೆದರೆ ಆಯಿತಲ್ಲ?

ಗಾಜಿನ_ಕೆಲಸ:
ಬೇಡ ಅಣ್ಣ! ವಿನೆಗರ್ ವಾಸನೆ ಬರುವ ಸಿಲಿಕೋನ್ ಇದೆಯಲ್ಲ, ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ತಗಡಿಗೆ ತುಕ್ಕು ತರುತ್ತದೆ, ಲ್ಯಾಮಿನೇಟೆಡ್ ಅಂಚಿಗೆ ತಗುಲಿದರೆ ಪದರ ಬಿಟ್ಟುಕೊಳ್ಳುವುದೂ ಉಂಟು. ಮುಂದೆ ಪೇಂಟ್ ಮಾಡಿಸಿದರೆ ಆ ಜಾಗದಲ್ಲಿ ಬಣ್ಣ ಹಿಡಿಯುವುದಿಲ್ಲ. ಬೀಡಿಂಗ್‌ಗೆ ಗಟ್ಟಿಯಾಗದ ಬ್ಯುಟೈಲ್ ಸೀಲರ್ ಇದೆ, ಅದನ್ನು ಕೇಳಿ.

ಬಾಡಿಶಾಪ್_ಹುಡುಗಿ:
ನಾನು ಟಿಂಕರಿಂಗ್, ಪೇಂಟಿಂಗ್ ಶಾಪ್ ನೋಡಿಕೊಳ್ಳುತ್ತೇನೆ. ಎಲ್ಲರೂ ಗ್ಲಾಸ್, ರಬ್ಬರ್ ಅಂತಿದ್ದೀರಿ, ಫ್ರೇಮ್ ಬಗ್ಗೆ ಯಾರೂ ಹೇಳಲಿಲ್ಲ. ಹಳೇ ಗಾಡಿಯಲ್ಲಿ ಗ್ಲಾಸ್ ತೆಗೆದ ತಕ್ಷಣ ಹೊಸದು ಕೂರಿಸಲು ಬಿಡಬೇಡಿ. ರಬ್ಬರ್ ಅಡಿಯ ತಗಡಿನಲ್ಲಿ ತುಕ್ಕು ಇದ್ದೇ ಇರುತ್ತದೆ. ವೈರ್ ಬ್ರಷ್‌ನಲ್ಲಿ ತಗಡು ಹೊಳೆಯುವವರೆಗೆ ಉಜ್ಜಿ. ತೂತಾಗಿದ್ದರೆ ಹೊಸ ತಗಡು ವೆಲ್ಡ್ ಮಾಡಿಸಿ, ಪುಟ್ಟಿ ತುಂಬಿ ಮುಚ್ಚಲು ಬಿಡಬೇಡಿ. ಎಪಾಕ್ಸಿ ಪ್ರೈಮರ್, ಆಮೇಲೆ ಬಣ್ಣ. ಅದು ಪೂರ್ತಿ ಒಣಗಿದ ಮೇಲೆ ಗ್ಲಾಸ್. ಗಾಡಿ ಎರಡು ಮೂರು ದಿನ ಶಾಪಿನಲ್ಲಿ ಇರಲಿ.

ತುಕ್ಕು ಉಬ್ಬಿದ ಕಡೆ ಗ್ಲಾಸಿಗೆ ಒತ್ತಡ ಬೀಳುತ್ತದೆ. ಇವತ್ತು ಚೆನ್ನಾಗಿರುತ್ತದೆ, ಒಂದು ದಿನ ಬಿಸಿಲಲ್ಲಿ ನಿಲ್ಲಿಸಿದಾಗ ತಾನೇ ಬಿರುಕು ಬಿಡುತ್ತದೆ.

ಧಾರವಾಡ_ಸವಾರಿ:
ನನಗೆ ಇದೇ ಆಗಿತ್ತು ನೋಡ್ರಿ. ಅಂಗಡಿಯವರು ಕಲ್ಲು ಬಿದ್ದಿದೆ ಅಂತ ಹೇಳಿ ವಾರಂಟಿ ಕೊಡಲಿಲ್ಲ.

ಬಾಡಿಶಾಪ್_ಹುಡುಗಿ:
ಕಲ್ಲಿನ ಬಿರುಕಾದರೆ ಎಲ್ಲಾದರೂ ಏಟು ಬಿದ್ದ ಗುಳಿ ಇರುತ್ತದೆ. ಬಾಲ್‌ಪೆನ್ ಮೊನೆಯನ್ನು ಬಿರುಕಿನ ಉದ್ದಕ್ಕೂ ಹಗುರವಾಗಿ ಎಳೆಯಿರಿ, ಗುಳಿ ಇದ್ದರೆ ಮೊನೆ ಸಿಕ್ಕಿಕೊಳ್ಳುತ್ತದೆ. ಗುಳಿ ಇಲ್ಲದೆ ಅಂಚಿನಿಂದಲೇ ನೇರವಾಗಿ ಶುರುವಾಗಿದ್ದರೆ ಅದು ಒತ್ತಡದ ಬಿರುಕು. ಫಿಟ್ಟಿಂಗ್‌ನದೋ ಫ್ರೇಮಿನದೋ ದೋಷ. ಅದನ್ನು ತೋರಿಸಿ ವಾದ ಮಾಡಬಹುದು. ಬಿಲ್ಲಿನ ಮೇಲೆ ಮೊದಲೇ "ಫಿಟ್ಟಿಂಗ್ ವಾರಂಟಿ ಇಷ್ಟು ತಿಂಗಳು" ಅಂತ ಬರೆಸಿಕೊಳ್ಳಿ.

ಸಾಗರದ_ಓಮ್ನಿ:
ಫಿಟ್ಟಿಂಗ್ ಅಂದರೆ ಹಗ್ಗದ ವಿಧಾನ ತಾನೆ? ನಮ್ಮ ಊರಿನ ಫಿಟ್ಟರ್ ಸ್ಕ್ರೂಡ್ರೈವರ್‌ನಲ್ಲಿ ಮೀಟಿ ಮೀಟಿ ಕೂರಿಸುತ್ತಾರೆ, ನೋಡಲು ಭಯ.

ಗಾಜಿನ_ಕೆಲಸ:
ಹಗ್ಗವೇ ಸರಿ. ರಬ್ಬರನ್ನು ಮೊದಲು ಗ್ಲಾಸಿಗೆ ತೊಡಿಸಿ, ಫ್ರೇಮ್ ಕಡೆಯ ಸಂದಿನೊಳಗೆ ಸುತ್ತಲೂ ನೈಲಾನ್ ಹಗ್ಗ ಕೂರಿಸಿ, ಸೋಪುನೀರು ಹಚ್ಚುತ್ತಾರೆ. ಒಬ್ಬರು ಹೊರಗಿನಿಂದ ಅಂಗೈಯಲ್ಲಿ ಒತ್ತುತ್ತಾರೆ, ಇನ್ನೊಬ್ಬರು ಒಳಗಿನಿಂದ ಹಗ್ಗ ಎಳೆಯುತ್ತಾರೆ, ರಬ್ಬರಿನ ತುಟಿ ತಗಡಿನ ಮೇಲೆ ತಾನೇ ಹತ್ತುತ್ತದೆ. ಇಬ್ಬರು ಇರಲೇಬೇಕು. ಸ್ಕ್ರೂಡ್ರೈವರ್ ಗಾಜಿನ ಅಂಚಿಗೆ ತಗುಲಿದರೆ ಕಣ್ಣಿಗೆ ಕಾಣದ ಚಿಪ್ಪು ಏಳುತ್ತದೆ, ಬಿರುಕು ಅಲ್ಲಿಂದಲೇ ಹೊರಡುತ್ತದೆ. ಕೂರಿಸಿದ ಮೇಲೆ ಪೈಪಿನಲ್ಲಿ ನೀರು ಬಿಟ್ಟು, ಒಳಗೆ ಒಬ್ಬರು ಕೂತು ನೋಡಬೇಕು. ಅದಾದ ಮೇಲೆ ದುಡ್ಡು ಕೊಡಿ.

ಮೈಸೂರು_ಮಲ್ಲಿಗೆ_77:
ನಡುವೆ ಒಂದು ಪ್ರಶ್ನೆ. ಇನ್ಶೂರೆನ್ಸ್‌ನಲ್ಲಿ ಬರುವುದಿಲ್ಲವೇ?

ಆರ್‌ಟಿಒ_ಗೆಳೆಯ:
ಬರೀ ಥರ್ಡ್ ಪಾರ್ಟಿ ಇದ್ದರೆ ಬರುವುದಿಲ್ಲ. ಇಷ್ಟು ಹಳೇ ಗಾಡಿಗೆ ಹೆಚ್ಚಿನವರು ಅದನ್ನೇ ಮಾಡಿಸಿರುತ್ತಾರೆ. ಪೂರ್ಣ ಪಾಲಿಸಿ ಇದ್ದರೆ ಗಾಜಿನ ಭಾಗಗಳಿಗೆ ಸವಕಳಿ ಕಳೆಯುವುದಿಲ್ಲ, ರಬ್ಬರ್ ಮತ್ತು ಪ್ಲಾಸ್ಟಿಕ್‌ಗೆ ಅರ್ಧ ಕಳೆಯುತ್ತಾರೆ. ಆದರೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಸಣ್ಣ ಬಿಲ್ಲಿಗೆ ಲೆಕ್ಕ ಹಾಕಿ ನೋಡಿ. ಹಾಸನದವರದು ಅಪಘಾತ ಅಲ್ಲ, ಹಳೆಯದಾಗಿ ಕೆಟ್ಟದ್ದು. ಅದಕ್ಕಂತೂ ಕೊಡುವುದಿಲ್ಲ.

ಹಳೇಗಾಡಿ_ಪ್ರೇಮಿ:
ಬಿಡಿಭಾಗದ ಮಾತಿಗೆ ಬಂದರೆ, ಪದ್ಮಿನಿಯ ಗ್ಲಾಸ್, ರಬ್ಬರ್, ಕ್ರೋಮ್ ಪಟ್ಟಿ ಎಲ್ಲ ಮುಂಬೈಯಲ್ಲಿ ಸುಲಭಕ್ಕೆ ಸಿಗುತ್ತಿತ್ತು, ಕಾಲಿ ಪೀಲಿ (ಕಪ್ಪು ಹಳದಿ) ಪದ್ಮಿನಿ ಟ್ಯಾಕ್ಸಿಗಳು ಇದ್ದ ಕಾಲದಲ್ಲಿ. 2023ರ ಅಕ್ಟೋಬರ್ ಕೊನೆಗೆ ಆ ಪದ್ಮಿನಿ ಟ್ಯಾಕ್ಸಿಗಳ ಓಡಾಟ ಪೂರ್ತಿ ನಿಂತಿತು. ಇನ್ನು ಮುಂದೆ ಮಾಲು ಕಡಿಮೆಯಾಗುತ್ತಲೇ ಹೋಗುತ್ತದೆ. ಅದಕ್ಕೇ ಹೇಳುತ್ತೇನೆ, ಜೆ.ಸಿ. ರಸ್ತೆಯವರು ತರಿಸಿಕೊಡುತ್ತೇನೆ ಅಂದರೆ ಈಗಲೇ ಹೇಳಿಬಿಡಿ. ರಬ್ಬರ್ ಎರಡು ಸೆಟ್ ತೆಗೆದುಕೊಂಡರೂ ನಷ್ಟವಿಲ್ಲ, ತಣ್ಣಗಿನ ಕತ್ತಲೆ ಜಾಗದಲ್ಲಿ ಇಟ್ಟರೆ ಬಾಳುತ್ತದೆ. ಟಫನ್ಡ್ ವಾದ ನಾನೂ ಬಿಟ್ಟೆ. ಅಂಬಾಸಿಡರ್ ಇರುವುದು ಊರೊಳಗೆ ಓಡಾಡಲು ಮಾತ್ರ. ಶಿರಾಡಿಗೆ ಹೋಗುವ ಗಾಡಿಗೆ ಲ್ಯಾಮಿನೇಟೆಡ್ ಗ್ಲಾಸೇ ಸರಿ.

ಗಾಜಿನ_ಕೆಲಸ:
ಊರೊಳಗೂ ಕಲ್ಲು ಹಾರುತ್ತದೆ ಸಾರ್. ಮಾವನವರಿಗೂ ಹೇಳಿ.

ಮೈಸೂರು_ಮಲ್ಲಿಗೆ_77:
ಹೊಸ ಗ್ಲಾಸ್ ಮೇಲೆ ಬಿಸಿಲಿಗೆ ಫಿಲ್ಮ್ ಹಾಕಿಸಬಹುದಾ? ಮೈಸೂರು ಬೆಂಗಳೂರು ಹೈವೇಲಿ ಕೈ ಸುಡುತ್ತೆ.

ಆರ್‌ಟಿಒ_ಗೆಳೆಯ:
ಮುಂದಿನ ಗ್ಲಾಸಿಗೆ ಕಪ್ಪು ಫಿಲ್ಮ್ ಯೋಚನೆ ಬಿಡಿ. 2012ರಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಕಟ್ಟುನಿಟ್ಟಾದ ಆದೇಶ ಕೊಟ್ಟ ಮೇಲೆ ಪೊಲೀಸರು ರಸ್ತೆಯಲ್ಲೇ ಕೀಳಿಸಿದ್ದನ್ನು ನೋಡಿದ್ದೇವೆ.

ಗಾಜಿನ_ಕೆಲಸ:
ಅದೂ ಅಲ್ಲದೆ ಪಿವಿಬಿ ಪದರವೇ ಅತಿನೇರಳೆ ಕಿರಣವನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಚರ್ಮದ ಚಿಂತೆಗೆ ಬೇರೆ ಫಿಲ್ಮ್ ಬೇಕಿಲ್ಲ. ಶಾಖ ಬೇರೆ ಮಾತು. ಅದಕ್ಕೆ ತಿಳಿ ಹಸಿರು ಛಾಯೆಯ ಗ್ಲಾಸ್ ಇರುತ್ತದೆ, ನಿಮ್ಮ ಮಾಡೆಲ್‌ಗೆ ಸಿಕ್ಕರೆ ಸ್ವಲ್ಪ ವಾಸಿ.

ಕುಡ್ಲದ_ಕಾರು:
ಗೀರು ಬಿದ್ದದ್ದು ಯಾಕೆ ಅಂತಲೂ ನೋಡಿ ಮಾರಾಯ್ರೆ. ವೈಪರ್ ಬ್ಲೇಡಿನ ರಬ್ಬರ್ ಸವೆದು ಒಳಗಿನ ತಗಡು ಗಾಜಿಗೆ ತಾಗಿರುತ್ತದೆ. ಹೊಸ ಗ್ಲಾಸಿಗೆ ಹಳೇ ಬ್ಲೇಡ್ ಹಾಕಿದರೆ ಮೊದಲ ಮಳೆಗೇ ಹಾಳು. ಧೂಳು ಕೂತಾಗ ಒಣ ವೈಪರ್ ಓಡಿಸಬೇಡಿ.

ಘಾಟಿ_ಸವಾರ:
ಗೀರು ಪಾಲಿಶ್ ಮಾಡಿಸಬಹುದಲ್ಲ? ಗ್ಲಾಸೇ ಬದಲಿಸಬೇಕಾ?

ಬಾಡಿಶಾಪ್_ಹುಡುಗಿ:
ಉಗುರಿಗೆ ಸಿಗದ ಗೀರಾದರೆ ಸೀರಿಯಂ ಆಕ್ಸೈಡ್ ಪಾಲಿಶ್ ಕೆಲಸ ಮಾಡುತ್ತದೆ. ಉಗುರಿಗೆ ಸಿಗುವಷ್ಟು ಆಳ ಇದ್ದರೆ ಅಷ್ಟು ಗಾಜು ಸವೆಸಬೇಕು, ಆಗ ಆ ಜಾಗದಲ್ಲಿ ರಸ್ತೆ ಬಾಗಿದಂತೆ ಕಾಣುತ್ತದೆ. ಪದರ ಬಿಟ್ಟುಕೊಂಡ ಮಬ್ಬಿಗಂತೂ ಯಾವ ಪಾಲಿಶ್ ಕೂಡ ಇಲ್ಲ, ಅದು ಒಳಗಿನದು.

ಹಾಸನದ_ಪದ್ಮಿನಿ:
ಎಲ್ಲರಿಗೂ ಧನ್ಯವಾದ. ಜೆ.ಸಿ. ರಸ್ತೆಯವರಿಗೆ ಫೋನ್ ಮಾಡಿದೆ. ಮೂಲೆಯ ಮುದ್ರೆಯ ಫೋಟೊ ಕಳಿಸಿದರು. ಐಎಸ್ 2553 ಭಾಗ 2 ಇದೆ, ಲೈಸೆನ್ಸ್ ಸಂಖ್ಯೆ ಆ್ಯಪ್‌ನಲ್ಲಿ ಸರಿ ಬಂತು. ದಪ್ಪ ಅಳೆದು ಹೇಳುತ್ತೇನೆ ಅಂದಿದ್ದಾರೆ. ರಬ್ಬರ್ ಎರಡು ಸೆಟ್ ಹೇಳಿದ್ದೇನೆ. ಗ್ಲಾಸ್ ಹಾಸನಕ್ಕೆ ತರಿಸಿ ಇಲ್ಲೇ ಫ್ರೇಮ್ ಕೆಲಸ ಮಾಡಿಸಿ ಕೂರಿಸುವುದು ಅಂತ ತೀರ್ಮಾನ. ಹಗ್ಗದಲ್ಲಿ ಕೂರಿಸುವ ಇಬ್ಬರು ಹಿರಿಯ ಫಿಟ್ಟರ್‌ಗಳು ಸಿಕ್ಕಿದ್ದಾರೆ.

ಆರ್‌ಟಿಒ_ಗೆಳೆಯ:
ಫಾಸ್ಟ್ಯಾಗ್ ನೆನಪಿರಲಿ. ಹಳೇ ಗ್ಲಾಸಿನಿಂದ ಕಿತ್ತರೆ ಅದು ಹರಿದು ಕೆಲಸ ಮಾಡುವುದಿಲ್ಲ. ಗ್ಲಾಸ್ ಬದಲಿಸಿದೆ ಅಂತ ನಿಮ್ಮ ಬ್ಯಾಂಕಿಗೆ ಹೇಳಿ ಬದಲಿ ಟ್ಯಾಗ್ ತರಿಸಿಕೊಳ್ಳಿ, ಇಲ್ಲವಾದರೆ ಟೋಲಿನಲ್ಲಿ ಜಾಸ್ತಿ ಕಟ್ಟಬೇಕಾಗುತ್ತದೆ.

ಗಾಜಿನ_ಕೆಲಸ:
ಗ್ಲಾಸನ್ನು ಟೆಂಪೊದಲ್ಲಿ ಮಲಗಿಸಿ ತರಲು ಬಿಡಬೇಡಿ. ನಿಲ್ಲಿಸಿ, ಅಡಿಗೆ ದಪ್ಪ ಥರ್ಮೊಕೋಲ್ ಅಥವಾ ಹಳೇ ಟ್ಯೂಬ್ ರಬ್ಬರ್ ಇಟ್ಟು, ಎರಡೂ ಕಡೆ ಅಲುಗಾಡದಂತೆ ಕಟ್ಟಿಸಿ. ಇಳಿಸಿಕೊಳ್ಳುವಾಗ ಸಹಿ ಹಾಕುವ ಮುಂಚೆ ನಾಲ್ಕೂ ಅಂಚುಗಳ ಮೇಲೆ ಕೈಯಾಡಿಸಿ ಚಿಪ್ಪು ಎದ್ದಿದೆಯಾ ನೋಡಿ. ಕೈಗವಸು ಹಾಕಿಕೊಳ್ಳಿ.

ಸಾಗರದ_ಓಮ್ನಿ:
ಓಮ್ನಿಗೂ ಇದೇ ದಪ್ಪ ಬರುತ್ತದಾ? ನಮ್ಮದರ ಗ್ಲಾಸ್ ಕೂಡ ಈ ವರ್ಷ ಬದಲಿಸಬೇಕು.

ಗಾಜಿನ_ಕೆಲಸ:
ಊಹೆ ಮೇಲೆ ಹೇಳಬಾರದು ಸಾರ್. ಬೀಡಿಂಗ್‌ನ ಒಂದು ಮೂಲೆ ಮೆಲ್ಲಗೆ ಸರಿಸಿ, ಅಂಚು ಅಳೆದು ಇಲ್ಲಿ ಹಾಕಿ. ಮುದ್ರೆಯ ಫೋಟೊನೂ ಹಾಕಿ, ನೋಡಿ ಹೇಳುತ್ತೇನೆ.